ಗಿಡ ಮೊದಲು, ಮೀನು ಆಮೇಲೆ: ಎರಡು ಅಡಿ ಅಕ್ವೇರಿಯಂ ಕಟ್ಟುವ ಪೂರ್ತಿ ಕ್ರಮ

ಹೊಸ ಟ್ಯಾಂಕಿನಲ್ಲಿ ಮೀನು ಸಾಯುವ ರೀತಿ ಎಲ್ಲ ಮನೆಯಲ್ಲೂ ಹೆಚ್ಚುಕಡಿಮೆ ಒಂದೇ. ಶನಿವಾರ ಟ್ಯಾಂಕ್ ಬರುತ್ತದೆ, ಅಂದೇ ನೀರು ತುಂಬುತ್ತಾರೆ, ಭಾನುವಾರ ಮೀನು ಬಿಡುತ್ತಾರೆ. ನಾಲ್ಕೈದು ದಿನಕ್ಕೆ ನೀರು ಮಬ್ಬಾಗುತ್ತದೆ, ಮೀನು ಮೇಲೆ ಬಂದು ಬಾಯಿ ಬಡಿಯುತ್ತದೆ, ಹತ್ತು ದಿನದೊಳಗೆ ಒಂದೊಂದೇ ಸಾಯುತ್ತವೆ. ಆಗ ಅಂಗಡಿಗೆ ಓಡಿ ಔಷಧಿ ತಂದು ಹಾಕುತ್ತಾರೆ. ಇಲ್ಲಿ ರೋಗವೇ ಇಲ್ಲ. ಮೀನನ್ನು ಕೊಂದದ್ದು ಅಮೋನಿಯಾ.

ಮೀನಿನ ಕಿವಿರಿನಿಂದ, ಹಿಕ್ಕೆಯಿಂದ, ಉಳಿದ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟು ಅಪಾಯವಲ್ಲ. ಈ ಬ್ಯಾಕ್ಟೀರಿಯಾ ಸಾಕಷ್ಟು ಬೆಳೆಯಲು 4ರಿಂದ 6 ವಾರ ಬೇಕು. ನೀರು ತಣ್ಣಗಿದ್ದರೆ ಇನ್ನೂ ನಿಧಾನ. ಗಿಡಗಳು ಅಮೋನಿಯಾವನ್ನು ನೇರವಾಗಿಯೇ ಹೀರುತ್ತವೆ, ಹಾಗಾಗಿ ಈ ಕಾಯುವ ಕಾಲದಲ್ಲಿ ಟ್ಯಾಂಕನ್ನು ಹಿಡಿದು ನಿಲ್ಲಿಸುವುದು ಅವೇ. ಆದರೆ ಒಂದು ಮಾತು ನೆನಪಿರಲಿ: ಹೊಂದಿಕೊಂಡು ಚಿಗುರುತ್ತಿರುವ ಗಿಡ ಮಾತ್ರ ಅಮೋನಿಯಾ ಹೀರುತ್ತದೆ. ನಿನ್ನೆ ನೆಟ್ಟು ಇಂದು ಎಲೆ ಕೊಳೆಯುತ್ತಿರುವ ಗಿಡ ತಾನೇ ಅಮೋನಿಯಾ ಬಿಡುತ್ತದೆ. ಗಿಡ ಮತ್ತು ಮೀನು ಎರಡನ್ನೂ ಒಂದೇ ದಿನ ಹಾಕಿದವರ ಟ್ಯಾಂಕ್ ಕೆಡುವುದು ಇದಕ್ಕೇ.

ಕೆಳಗಿನ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ.

ಮೊದಲೇ ತಂದಿಟ್ಟುಕೊಳ್ಳಬೇಕಾದವು

60 × 30 × 30 ಸೆಂ.ಮೀ. ಟ್ಯಾಂಕ್, ಅಂದರೆ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ಗಾಜು 5 ಅಥವಾ 6 ಮಿ.ಮೀ. ಇರಲಿ. ಇದಕ್ಕಿಂತ ಚಿಕ್ಕದು ಸುಲಭ ಅನ್ನಿಸುತ್ತದೆ, ನಿಜಕ್ಕೂ ಕಷ್ಟ: ನೀರು ಕಡಿಮೆಯಾದಷ್ಟೂ ಒಂದು ಸಣ್ಣ ತಪ್ಪು ಬೇಗ ವಿಷವಾಗುತ್ತದೆ. ದುಂಡನೆಯ ಗಾಜಿನ ಬೌಲ್ ಅಂತೂ ಬೇಡವೇ ಬೇಡ.

ಸ್ಪಾಂಜ್ ಫಿಲ್ಟರ್ (ಬ್ಯಾಕ್ಟೀರಿಯಾ ನೆಲೆಸುವುದು ಇದರಲ್ಲೇ) ಮತ್ತು ಅದಕ್ಕೆ ಗಾಳಿ ಊದುವ ಏರ್ ಪಂಪ್, 50 ಅಥವಾ 75 ವಾಟಿನ ಹೀಟರ್, ಥರ್ಮಾಮೀಟರ್, 10ರಿಂದ 12 ವಾಟಿನ ಬಿಳಿ ಎಲ್‌ಇಡಿ ಲೈಟ್ (6500 ಕೆ ಎಂದು ಬರೆದಿರುವುದು), ಪ್ಲಗ್ ಟೈಮರ್, ಉದ್ದನೆಯ ಚಿಮ್ಮಟ, ನೀರು ಎಳೆಯಲು ಅರ್ಧ ಇಂಚಿನ ಪೈಪು, ಈ ಕೆಲಸಕ್ಕೇ ಮೀಸಲಾದ ಎರಡು ಬಕೆಟ್. ಸೋಪು ಮುಟ್ಟಿದ ಬಕೆಟ್ ಬೇಡ. ಅಮೋನಿಯಾ, ನೈಟ್ರೈಟ್ ಅಳೆಯುವ ಹನಿ ಟೆಸ್ಟ್ ಕಿಟ್ ದುಬಾರಿ ಎನ್ನಿಸಿದರೂ ತನ್ನಿ. ಕಣ್ಣಿಗೆ ತಿಳಿಯಾಗಿ ಕಾಣುವ ನೀರಿನಲ್ಲೂ ಅಮೋನಿಯಾ ಇರುತ್ತದೆ.

ಹಂತ 1: ಜಾಗ ಮತ್ತು ಸ್ಟ್ಯಾಂಡ್

ಗಾಜು, ಮಣ್ಣು, ಮರಳು, ನೀರು ಸೇರಿ ಈ ಟ್ಯಾಂಕ್ 65ರಿಂದ 70 ಕಿಲೋ ತೂಗುತ್ತದೆ. ಟಿ.ವಿ. ಸ್ಟ್ಯಾಂಡ್, ಟೀಪಾಯಿ ತಡೆಯುವುದಿಲ್ಲ. ಕಬ್ಬಿಣದ ಸ್ಟ್ಯಾಂಡ್ ಅಥವಾ ಗೋಡೆಗೆ ಕಟ್ಟಿದ ಕಡಪ ಕಲ್ಲಿನ ಹಲಗೆ ಸರಿ. ಟ್ಯಾಂಕಿನ ಅಡಿಗೆ ಥರ್ಮೋಕೋಲ್ ಅಥವಾ ಫೋಮ್ ಹಾಳೆ ಹಾಸಿ. ಮಟ್ಟಗೋಲು ಇಟ್ಟು ನೋಡಿ, ಒಂದು ಮೂಲೆ ತಗ್ಗಿದ್ದರೂ ಗಾಜಿನ ಅಂಟು ಬಿಡಬಹುದು.

ಕಿಟಕಿಯ ನೇರ ಬಿಸಿಲು ಬೀಳುವ ಜಾಗ ಬೇಡ, ಪಾಚಿ ಹಿಡಿಯುತ್ತದೆ. ಅಡುಗೆಮನೆಯ ಒಗ್ಗರಣೆ ಹೊಗೆ, ಸೊಳ್ಳೆ ಬತ್ತಿಯ ಹೊಗೆ ತಾಗುವ ಜಾಗವೂ ಬೇಡ. ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ ಅನ್ನುವುದನ್ನು ಮರೆಯಬೇಡಿ. ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಕೆಳಗಿಡಲೇಬೇಕಾದರೆ ನಳಿಗೆಗೆ ಹಿಂಬರುವ ನೀರನ್ನು ತಡೆಯುವ ವಾಲ್ವ್ ಹಾಕಿ. ಕರೆಂಟ್ ಹೋದಾಗ ನೀರು ನಳಿಗೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ ಸೇರಬಾರದು.

ಹಂತ 2: ನಿಮ್ಮ ಮನೆಯ ನೀರು ಯಾವುದು

ಹಾಸನದ ನಲ್ಲಿಗೆ ಹೇಮಾವತಿಯಿಂದ, ಚಿಕ್ಕಮಗಳೂರಿಗೆ ಯಗಚಿಯಿಂದ ನೀರು ಬರುತ್ತದೆ. ನದಿಯ ನೀರು ಗಿಡಕ್ಕೂ ಮೀನಿಗೂ ಒಳ್ಳೆಯದೇ, ತೊಂದರೆ ಕೊಡುವುದು ಅದಕ್ಕೆ ಬೆರೆಸಿದ ಕ್ಲೋರಿನ್. ಅಗಲ ಬಾಯಿಯ ಡ್ರಮ್ಮಿನಲ್ಲಿ ಗಾಳಿಗುಳ್ಳೆ ಬಿಟ್ಟು ಒಂದು ದಿನ ಇಟ್ಟರೆ ಕ್ಲೋರಿನ್ ಹೋಗುತ್ತದೆ. ಅವಸರವಿದ್ದರೆ ಸೋಡಿಯಂ ಥಯೋಸಲ್ಫೇಟ್ ಬಳಸಿ: 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ ಬಾಟಲಿಯಲ್ಲಿಟ್ಟು, 10 ಲೀಟರ್ ನೀರಿಗೆ 1 ಮಿ.ಲೀ. ಹಾಕಿದರೆ ಸಾಕು.

ಬೋರ್ ನೀರಿನದು ಬೇರೆ ಕಥೆ. ಅರಸೀಕೆರೆ, ಚನ್ನರಾಯಪಟ್ಟಣ, ಕಡೂರು ಕಡೆಯ ಬಯಲುಸೀಮೆಯ ಬೋರ್ ನೀರು ಸಾಮಾನ್ಯವಾಗಿ ಗಡಸು. ಪಾತ್ರೆಯಲ್ಲಿ ಕಾಯಿಸಿದಾಗ ಬಿಳಿ ಹೊಪ್ಪಳೆ ಕಟ್ಟಿದರೆ ಅದೇ ಗುರುತು. ಇಂಥ ನೀರಿನ ಪಿಎಚ್ (ನೀರಿನ ಹುಳಿ-ಕ್ಷಾರದ ಅಳತೆ) ಸಾಮಾನ್ಯವಾಗಿ 7.5 ದಾಟಿರುತ್ತದೆ, ಆಗ ಅಷ್ಟೇ ಪ್ರಮಾಣದ ಅಮೋನಿಯಾ ಹಲವು ಪಟ್ಟು ಹೆಚ್ಚು ವಿಷ. ಹಾಗೆಂದು ಹೆದರಬೇಕಿಲ್ಲ, ವ್ಯಾಲಿಸ್ನೇರಿಯಾ ಎಂಬ ಗಿಡ ಗಡಸು ನೀರಿನಲ್ಲೇ ಚೆನ್ನಾಗಿ ಬೆಳೆಯುತ್ತದೆ, ಗಪ್ಪಿ ಮೀನೂ ಅಷ್ಟೇ. ಬೋರ್ ನೀರನ್ನೂ ಒಂದು ದಿನ ಗಾಳಿಯಾಡಿಸಿಯೇ ಬಳಸಿ, ಭೂಮಿಯೊಳಗಿನಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ ಇರುತ್ತದೆ.

ಸಕಲೇಶಪುರ, ಮೂಡಿಗೆರೆ, ಕೊಪ್ಪ ಕಡೆಯವರು ಮಳೆನೀರು ಹಿಡಿದು ಬಳಸಬಹುದು, ಆದರೆ ಪೂರ್ತಿ ಮಳೆನೀರೇ ತುಂಬಬೇಡಿ. ಅದರಲ್ಲಿ ಖನಿಜವಿಲ್ಲ, ಪಿಎಚ್ ನಿಲ್ಲುವುದಿಲ್ಲ, ಗಿಡಕ್ಕೆ ಕ್ಯಾಲ್ಸಿಯಂ ಸಿಗುವುದಿಲ್ಲ. ಬಾವಿ ಅಥವಾ ನಲ್ಲಿ ನೀರಿನ ಜೊತೆ ಅರ್ಧಕ್ಕರ್ಧ ಬೆರೆಸಿ. ಜಿಂಕ್ ಶೀಟಿನಿಂದ ಇಳಿದ ನೀರು, ಮೊದಲ ಮಳೆಯ ನೀರು, ತೋಟಕ್ಕೆ ಔಷಧಿ ಹೊಡೆಯುವ ದಿನಗಳ ನೀರು ಈ ಮೂರೂ ಬೇಡ.

ಹಂತ 3: ಮಣ್ಣು, ಅದರ ಮೇಲೆ ಮರಳು

ಹಾಸನ, ಚಿಕ್ಕಮಗಳೂರು ಕಡೆಯವರು ಹೆಚ್ಚು ಎಡವುವ ಜಾಗ ಇದು.

ಕಾಫಿ, ಅಡಿಕೆ, ಮೆಣಸಿನ ತೋಟದ ಮಣ್ಣು ಎಷ್ಟೇ ಫಲವತ್ತಾಗಿರಲಿ, ಟ್ಯಾಂಕಿಗೆ ಹಾಕಬಾರದು. ಕೊಳೆರೋಗಕ್ಕೆಂದು ವರ್ಷಗಟ್ಟಲೆ ಹೊಡೆದ ಬೋರ್ಡೊ ದ್ರಾವಣದ ಮೈಲುತುತ್ತದ ತಾಮ್ರ ಆ ಮಣ್ಣಿನಲ್ಲಿ ಕೂತಿರುತ್ತದೆ. ತಾಮ್ರ ಮಳೆಗೆ ಸುಲಭವಾಗಿ ಕೊಚ್ಚಿಹೋಗುವುದಿಲ್ಲ, ವರ್ಷ ವರ್ಷಕ್ಕೂ ಸೇರುತ್ತ ಹೋಗುತ್ತದೆ. ಸೀಗಡಿ ಮತ್ತು ಬಸವನಹುಳುವಿಗೆ ಅದು ತೀರಾ ಕಡಿಮೆ ಪ್ರಮಾಣದಲ್ಲೇ ಮಾರಕ, ಮೀನಿಗೂ ಕೆಟ್ಟದ್ದು. ಕಿತ್ತು ಬಿಸಾಡಿದ ಹಳೇ ಕಾಫಿ ಬೊಡ್ಡೆಯ ಆಕಾರ ನೋಡಿ ಅದನ್ನು ಟ್ಯಾಂಕಿಗೆ ಇಳಿಸುವವರೂ ಇದ್ದಾರೆ. ಅದರ ತೊಗಟೆಯಲ್ಲೂ ಅದೇ ತಾಮ್ರ. ಬೇಡ.

ಗೊಬ್ಬರ, ಔಷಧಿ ಬೀಳದ ಹಿತ್ತಲಿನ ಕೆಂಪು ಮಣ್ಣು ಸಾಕು. ಸುಮಾರು 5 ಲೀಟರ್ ಬೇಕು. 3–4 ಮಿ.ಮೀ. ಜರಡಿಯಲ್ಲಿ ಜಾಲಿಸಿ, ಬಕೆಟಿಗೆ ಹಾಕಿ, ನೀರು ಸುರಿದು ಕಲಕಿ. ಮೇಲೆ ತೇಲುವ ಬೇರು, ಎಲೆ, ಕಡ್ಡಿಯನ್ನು ನೀರಿನ ಜೊತೆ ಚೆಲ್ಲಿ. ಮಣ್ಣನ್ನು ಬಿಸಿಲಿಗೆ ಹರಡಿ ಒಣಗಿಸಿ. ಇದನ್ನು ಮೂರು ಸಲ ಮಾಡಿದರೆ ಕೊಳೆಯುವ ವಸ್ತು ಬಹುಪಾಲು ಹೋಗಿ, ಟ್ಯಾಂಕಿನೊಳಗೆ ಅಮೋನಿಯಾ ಏಳುವುದು ತಗ್ಗುತ್ತದೆ. ಸಗಣಿ ಗೊಬ್ಬರ, ಎರೆಗೊಬ್ಬರ ಒಂದು ಹಿಡಿಯೂ ಸೇರಿಸಬೇಡಿ. ತೋಟದ ಮನೆಗಳಲ್ಲಿ ಕೈಗೆ ಸಿಗುವ 19:19:19, ಡಿಎಪಿ, ಯೂರಿಯಾ ಇವುಗಳಿಂದ ನೀರಿನಲ್ಲಿ ನೇರವಾಗಿ ಅಮೋನಿಯಾವೇ ಏರುತ್ತದೆ. ಒಂದು ಚಮಚ ಬಿದ್ದರೂ ಟ್ಯಾಂಕ್ ಮುಗಿಯಿತು.

ಮೇಲಿನ ಹಾಸಿಗೆ 2–3 ಮಿ.ಮೀ. ಕಾಳಿನ ಮರಳು, ಹತ್ತು ಕಿಲೋ. ಎಂ-ಸ್ಯಾಂಡ್ ಆದರೆ ದೂಳು ಪೂರ್ತಿ ಹೋಗುವವರೆಗೆ, ಅಂದರೆ ಬಕೆಟಿನ ನೀರಿನಲ್ಲಿ ನಿಮ್ಮ ಕೈ ಸ್ಪಷ್ಟವಾಗಿ ಕಾಣುವವರೆಗೆ ತೊಳೆಯಿರಿ. ಮಂಗಳೂರು ಕಡೆಯಿಂದ ತಂದ ಕಡಲ ಮರಳಿನಲ್ಲಿ ಚಿಪ್ಪಿನ ಚೂರು ಇರುತ್ತದೆ, ಅದು ಕರಗಿ ನೀರಿನ ಗಡಸುತನ ಏರುತ್ತದೆ. ಮರಳು, ಕಲ್ಲು ಯಾವುದೇ ಇರಲಿ, ನಾಲ್ಕು ಹನಿ ವಿನೆಗರ್ ಹಾಕಿ ನೋಡಿ. ಬುಸ್ ಎಂದು ನೊರೆ ಬಂದರೆ ಸುಣ್ಣದ ಅಂಶವಿದೆ, ಪಕ್ಕಕ್ಕಿಡಿ.

ಮಣ್ಣು ಒಂದು ಇಂಚಿಗಿಂತ ದಪ್ಪ ಬೇಡ. ಗಾಜಿನ ಅಂಚಿನಿಂದ ಎರಡು ಬೆರಳಿನ ಜಾಗ ಬಿಟ್ಟು ಹರಡಿದರೆ ಮುಂಭಾಗದಿಂದ ಮಣ್ಣು ಕಾಣುವುದಿಲ್ಲ. ಅದನ್ನು ಮುದ್ದೆ ಹದಕ್ಕೆ ತೇವ ಮಾಡಿ, ಗಾಳಿಗುಳ್ಳೆ ಉಳಿಯದಂತೆ ಅಂಗೈಯಿಂದ ಒತ್ತಿ. ಮೇಲೆ ಒಂದೂವರೆ ಇಂಚು ಮರಳು. ಮರಳು ತೆಳುವಾದರೆ ಗಿಡ ಕೀಳುವಾಗೆಲ್ಲ ಕೆಸರು ಏಳುತ್ತದೆ. ಮಣ್ಣು ದಪ್ಪವಾದರೆ ಗಾಳಿಯಿಲ್ಲದೆ ಒಳಗೆ ಕೊಳೆತು ಕೆಟ್ಟ ಮೊಟ್ಟೆಯ ವಾಸನೆ ಹುಟ್ಟುತ್ತದೆ.

ಹಂತ 4: ಯಾವ ಗಿಡ, ಎಷ್ಟು

ಎರಡು ಗಿಡ ನೆಟ್ಟು ಉಳಿದದ್ದು ಆಮೇಲೆ ಎನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಮೊದಲ ದಿನವೇ ನೆಲದ ಮುಕ್ಕಾಲು ಭಾಗ ಗಿಡವಿರಬೇಕು, ಅದರಲ್ಲಿ ಹೆಚ್ಚಿನವು ಬೇಗ ಬೆಳೆಯುವವಾಗಿರಬೇಕು. ಅಮೋನಿಯಾ ಹೀರುವುದು ಬೆಳವಣಿಗೆಯ ವೇಗವೇ ಹೊರತು ಗಿಡದ ಬೆಲೆಯಲ್ಲ.

ಬೇಗ ಬೆಳೆಯುವವು: ಹೈಡ್ರಿಲಾ, ಹಾರ್ನ್‌ವರ್ಟ್, ಲಿಮ್ನೋಫಿಲಾ, ವ್ಯಾಲಿಸ್ನೇರಿಯಾ, ಬಕೋಪಾ. ಕಾಂಡದ ಗಿಡ (ಹೈಡ್ರಿಲಾ, ಲಿಮ್ನೋಫಿಲಾ, ಬಕೋಪಾ) ಕನಿಷ್ಠ 30 ಕಡ್ಡಿ, ವ್ಯಾಲಿಸ್ನೇರಿಯಾ ಹತ್ತು ಬುಡ ತೆಗೆದುಕೊಳ್ಳಿ. ಮೇಲೆ ತೇಲಲು ಅಂತರಗಂಗೆಯ ಮೂರ್ನಾಲ್ಕು ಚಿಕ್ಕ ಗಿಡ ಬಿಟ್ಟರೆ ತುಂಬಾ ಉಪಯೋಗ. ಅದರ ಎಲೆ ಗಾಳಿಯಲ್ಲಿರುವುದರಿಂದ ಇಂಗಾಲದ ಡೈಆಕ್ಸೈಡಿಗೆ ಕೊರತೆಯಿಲ್ಲ, ಬೇರು ನೀರಿನ ಅಮೋನಿಯಾವನ್ನು ಎಳೆಯುತ್ತಲೇ ಇರುತ್ತದೆ. ನೀರಿನ ಮೇಲ್ಮೈ ಮೂರನೇ ಒಂದು ಭಾಗ ಮುಚ್ಚಿದ ಮೇಲೆ ಹೆಚ್ಚಾದದ್ದನ್ನು ತೆಗೆಯಿರಿ.

ನಿಧಾನದವು: ಅನುಬಿಯಾಸ್, ಜಾವಾ ಫರ್ನ್, ಕ್ರಿಪ್ಟೊಕೊರೈನ್. ನೋಡಲು ಚೆಂದ, ಬಾಳಿಕೆಯೂ ಹೆಚ್ಚು, ಆದರೆ ಟ್ಯಾಂಕ್ ಕುದುರಿಸುವ ಕೆಲಸ ಇವುಗಳಿಂದ ಆಗುವುದಿಲ್ಲ. ಎರಡು ಮೂರು ಸಾಕು.

ಕೆರೆ, ಹಳ್ಳದಿಂದ ಹೈಡ್ರಿಲಾ ತರುವವರು ತೋಟ, ಗದ್ದೆಯ ನೀರು ಸೇರದ ಕಡೆ ನೋಡಿಕೊಳ್ಳಿ. ಘಟ್ಟದ ಹೊಳೆಗಳಲ್ಲಿ ಕಾಣುವ ಕ್ರಿಪ್ಟೊಕೊರೈನ್, ರೊಟಾಲಾ ಜಾತಿಯ ಗಿಡಗಳಲ್ಲಿ ಕೆಲವು ಪಶ್ಚಿಮ ಘಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲ. ಅವನ್ನು ಕೀಳಬೇಡಿ.

ಎಲ್ಲಿಂದ ತಂದ ಗಿಡವಾದರೂ ನೆಡುವ ಮೊದಲು ತೊಳೆಯಬೇಕು. 4 ಲೀಟರ್ ನೀರಿಗೆ ಒಂದು ದೊಡ್ಡ ಚಮಚ ಪಟಿಕದ ಪುಡಿ ಕರಗಿಸಿ, ಅದರಲ್ಲಿ ಎರಡು ಮೂರು ಗಂಟೆ ನೆನೆಸಿ, ಶುದ್ಧ ನೀರಿನಲ್ಲಿ ಚೆನ್ನಾಗಿ ಜಾಲಾಡಿಸಿ. ಬಸವನಹುಳು ಬಹುಮಟ್ಟಿಗೆ ಹೋಗುತ್ತವೆ. ಎಲೆಯ ಅಡಿಭಾಗದಲ್ಲಿ ಅಂಟಂಟಾದ ಪಾರದರ್ಶಕ ಗುಳ್ಳೆಯಂತೆ ಕಾಣುವುದು ಅವುಗಳ ಮೊಟ್ಟೆ. ಅದನ್ನು ಉಗುರಿನಿಂದ ಕೆರೆದು ತೆಗೆಯಲೇಬೇಕು.

ಹಂತ 5: ನೆಡುವುದು

ಟ್ಯಾಂಕಿಗೆ ನಾಲ್ಕು ಇಂಚು ಮಾತ್ರ ನೀರು ಹಾಕಿ ನೆಡಿ. ಮರಳಿನ ಮೇಲೆ ತಟ್ಟೆಯಿಟ್ಟು ಅದರ ಮೇಲೆ ನೀರು ಸುರಿದರೆ ಕೆಸರು ಏಳುವುದಿಲ್ಲ.

ಅಂಗಡಿಯ ಕಟ್ಟು ಹಾಗೇ ನೆಡುವುದು ದೊಡ್ಡ ತಪ್ಪು. ಕಟ್ಟಿನ ಸೀಸದ ಪಟ್ಟಿ, ರಬ್ಬರ್ ಬ್ಯಾಂಡ್ ತೆಗೆಯಿರಿ. ಪಟ್ಟಿ ಬಿಗಿದ ಜಾಗದಲ್ಲಿ ಕಾಂಡ ನಜ್ಜುಗುಜ್ಜಾಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಕೊಳೆತ ಶುರುವಾಗುವುದೇ ಅಲ್ಲಿಂದ. ಅದರ ಮೇಲಕ್ಕೆ ಹಸಿರು ಗಟ್ಟಿ ಇರುವಲ್ಲಿ ಕತ್ತರಿಸಿ. ಸುಮಾರು 12 ಸೆಂ.ಮೀ. ಕಡ್ಡಿ ಮಾಡಿಕೊಂಡು, ಕೆಳಗಿನ ಎರಡು ಗೆಣ್ಣಿನ ಎಲೆ ಕಿತ್ತು, ಆ ಎರಡು ಗೆಣ್ಣು ಮರಳಿನೊಳಗೆ ಹೋಗುವಂತೆ ಚಿಮ್ಮಟದಿಂದ ಒಂದೊಂದೇ ಕಡ್ಡಿಯನ್ನು ಓರೆಯಾಗಿ ತೂರಿಸಿ. ಬೇರು ಹೊರಡುವುದು ಗೆಣ್ಣಿನಿಂದ. ಕಡ್ಡಿಗೂ ಕಡ್ಡಿಗೂ ಒಂದು ಬೆರಳಿನ ಅಂತರ ಬಿಡಿ, ಇಲ್ಲದಿದ್ದರೆ ಬುಡಕ್ಕೆ ಬೆಳಕು ಸಿಗದೆ ಕೆಳಗಿನ ಎಲೆ ಉದುರುತ್ತದೆ. ಹಾರ್ನ್‌ವರ್ಟಿಗೆ ಬೇರೇ ಬರುವುದಿಲ್ಲ, ಅದನ್ನು ತೇಲಲು ಬಿಡಿ.

ವ್ಯಾಲಿಸ್ನೇರಿಯಾದ ಬೇರನ್ನು ಎರಡು ಇಂಚಿಗೆ ಕತ್ತರಿಸಿ ನೆಡಿ. ಎಲೆ ಮತ್ತು ಬೇರು ಕೂಡುವ ಬಿಳಿಯ ಬುಡ ಮರಳಿನ ಮೇಲೆಯೇ ಕಾಣುತ್ತಿರಬೇಕು. ಅದು ಮುಚ್ಚಿದರೆ ಗಿಡ ಬುಡದಿಂದಲೇ ಕಳಚಿ ತೇಲುತ್ತದೆ.

ಅನುಬಿಯಾಸ್, ಜಾವಾ ಫರ್ನ್‌ಗಳ ಶುಂಠಿಯಂಥ ಗಡ್ಡೆಕಾಂಡವನ್ನು ಹೂಳಲೇಬಾರದು. ಹತ್ತಿ ದಾರದಿಂದ ಕಲ್ಲಿಗೋ ಮರದ ತುಂಡಿಗೋ ಕಟ್ಟಿ. ಬೇರು ಹಿಡಿಯುವ ಹೊತ್ತಿಗೆ ದಾರ ತಾನೇ ಕರಗುತ್ತದೆ.

ನೆಟ್ಟಾದ ಮೇಲೆ ನಿಧಾನವಾಗಿ ನೀರು ತುಂಬಿ. ಮೇಲೆ ಒಂದು ಇಂಚು ಬಿಟ್ಟರೆ ನಿಜವಾಗಿ ಹಿಡಿಯುವುದು 38–40 ಲೀಟರ್. ಟ್ಯಾಂಕಿನ ಮೇಲೆ 54 ಲೀಟರ್ ಎಂದಿದ್ದರೂ ಯಾವ ದ್ರಾವಣ ಹಾಕುವಾಗಲೂ 40ರ ಲೆಕ್ಕ ಹಿಡಿಯಿರಿ.

ಹಂತ 6: ಬಿಸಿ, ಬೆಳಕು, ಕರೆಂಟು

ಡಿಸೆಂಬರ್, ಜನವರಿಯ ರಾತ್ರಿ ನಮ್ಮ ಕಡೆ ಮನೆಯೊಳಗಿನ ನೀರೂ 18–20 ಡಿಗ್ರಿಗೆ ಇಳಿಯುತ್ತದೆ. ಬ್ಯಾಕ್ಟೀರಿಯಾ ನಿಧಾನವಾಗುತ್ತವೆ, ಗಿಡ ಚಿಗುರುವುದಿಲ್ಲ. ಹೀಟರನ್ನು 24–25 ಡಿಗ್ರಿಗೆ ಇಡಿ. ನೀರಿನಲ್ಲಿ ಮುಳುಗಿಸಿ 20 ನಿಮಿಷ ಬಿಟ್ಟು ಸ್ವಿಚ್ ಹಾಕಿ. ನೀರು ತೆಗೆಯುವ ಮೊದಲು ಪ್ಲಗ್ ಕಿತ್ತಿಡಿ, ಬಿಸಿಯಾದ ಹೀಟರ್ ನೀರಿನಿಂದ ಹೊರಗೆ ಬಂದರೆ ಗಾಜು ಸೀಳುತ್ತದೆ. ಎಲ್ಲ ವೈರುಗಳೂ ಪ್ಲಗ್ಗಿಗೆ ಹೋಗುವ ಮುನ್ನ ಒಮ್ಮೆ ಕೆಳಕ್ಕೆ ಜೋತುಬೀಳಲಿ, ವೈರಿನ ಮೇಲೆ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಬೆಳಕು ಮೊದಲ ಎರಡು ವಾರ ದಿನಕ್ಕೆ 6 ಗಂಟೆ, ಆಮೇಲೆ ವಾರಕ್ಕೆ ಅರ್ಧ ಗಂಟೆಯಂತೆ 8ಕ್ಕೆ ಏರಿಸಿ. ಟೈಮರ್ ಇಲ್ಲದೆ ಕೈಯಿಂದ ಹಾಕಿ ಆರಿಸುವವರ ಟ್ಯಾಂಕಿನಲ್ಲಿ ಪಾಚಿ ಖಚಿತ. ರಾತ್ರಿ ನೆಂಟರು ಬಂದರೆಂದು ಹನ್ನೊಂದರವರೆಗೆ ಉರಿಸಿದ ದೀಪಕ್ಕೆ ಬೆಲೆ ತೆರುವುದು ಮುಂದಿನ ವಾರ.

ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಮರ ಬಿದ್ದು ಕರೆಂಟ್ ದಿನಗಟ್ಟಲೆ ಹೋಗುವುದುಂಟು. ಗಾಳಿ ನಿಂತ ಸ್ಪಾಂಜಿನಲ್ಲಿ ಕೆಲವು ಗಂಟೆಗಳಲ್ಲೇ ಬ್ಯಾಕ್ಟೀರಿಯಾ ಉಸಿರುಕಟ್ಟತೊಡಗುತ್ತವೆ. ಬ್ಯಾಟರಿಯ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಕರೆಂಟ್ ಇಲ್ಲದ ದಿನ ಆಹಾರ ಹಾಕಬೇಡಿ.

ಹಂತ 7: ಮೀನಿಲ್ಲದ ಆರು ವಾರ

ಮೊದಲ ವಾರ ಮಣ್ಣಿನಿಂದ ಅಮೋನಿಯಾ ಇಳಿಯುತ್ತದೆ. ಎರಡು ದಿನಕ್ಕೊಮ್ಮೆ ಅರ್ಧ ನೀರು ಬದಲಿಸಿ. ಎರಡನೇ ವಾರ ಎರಡು ಸಲ, ಆಮೇಲೆ ವಾರಕ್ಕೊಮ್ಮೆ ಮೂರನೇ ಒಂದು ಭಾಗ. ಮೂರನೇ ವಾರದಿಂದ ದಿನ ಬಿಟ್ಟು ದಿನ ಒಂದು ಚಿಟಿಕೆ ಮೀನಿನ ಆಹಾರ ಹಾಕಿ. ಅದು ಕೊಳೆತು ಬರುವ ಅಮೋನಿಯಾವೇ ಬ್ಯಾಕ್ಟೀರಿಯಾಕ್ಕೆ ಊಟ. ಗೊತ್ತಿರುವವರ ಮನೆಯಲ್ಲಿ ಆರೋಗ್ಯವಾದ ಹಳೇ ಟ್ಯಾಂಕಿದ್ದರೆ ಅವರ ಫಿಲ್ಟರ್ ಸ್ಪಾಂಜನ್ನು ನಿಮ್ಮ ಟ್ಯಾಂಕಿನ ನೀರಿನಲ್ಲಿ ಹಿಂಡಿಸಿಕೊಳ್ಳಿ. ಬಾಟಲಿಯಲ್ಲಿ ಮಾರುವ ಬ್ಯಾಕ್ಟೀರಿಯಾಕ್ಕಿಂತ ಅದು ಹೆಚ್ಚು ಭರವಸೆಯದು.

ಎರಡನೇ ವಾರದಲ್ಲಿ ಹಳೆಯ ಎಲೆಗಳು ಕರಗುತ್ತವೆ. ನರ್ಸರಿಗಳು ಎಷ್ಟೋ ಗಿಡಗಳನ್ನು ನೀರಿನ ಹೊರಗೆ ಬೆಳೆಸಿರುತ್ತವೆ. ಗಾಳಿಯಲ್ಲಿ ಬೆಳೆದ ಎಲೆ ನೀರಿನೊಳಗೆ ಬಾಳುವುದಿಲ್ಲ. ಕ್ರಿಪ್ಟೊಕೊರೈನ್ ಅಂತೂ ಪೂರ್ತಿ ಬೋಳಾಗಬಹುದು. ಗಿಡ ಸತ್ತಿತೆಂದು ಕೀಳಬೇಡಿ. ಬೆರಳಿನಿಂದ ಬುಡ ಒತ್ತಿ ನೋಡಿ, ಗಟ್ಟಿಯಿದ್ದರೆ ಮೂರ್ನಾಲ್ಕು ವಾರದಲ್ಲಿ ಹೊಸ ಎಲೆ ಬರುತ್ತದೆ. ಕರಗಿದ ಎಲೆಯನ್ನು ಮಾತ್ರ ಅಂದಂದೇ ಕತ್ತರಿಸಿ ಹೊರಹಾಕಿ.

ಗಾಜಿನ ಮೇಲೆ ಕಂದು ಪುಡಿಯಂಥ ಪಾಚಿ ಬಂದರೆ ಗಾಬರಿ ಬೇಡ, ಹೊಸ ಟ್ಯಾಂಕಿನಲ್ಲಿ ಅದು ಸಹಜ. ಒರೆಸಿ ಬಿಡಿ.

ಮುಂದಿನ ಹಂತಕ್ಕೆ ಹೋಗಲು ಕ್ಯಾಲೆಂಡರ್ ಸಾಲದು. ಮೂರೂ ಗುರುತು ಒಟ್ಟಿಗೆ ಕಾಣಬೇಕು: ಕಾಂಡದ ಗಿಡಗಳನ್ನು ಒಂದು ಸಲವಾದರೂ ಕತ್ತರಿಸುವಷ್ಟು ಬೆಳೆದಿರಬೇಕು, ಮೆಲ್ಲಗೆ ಎಳೆದರೆ ಗಿಡ ಮೇಲೆ ಬರದಷ್ಟು ಬೇರು ಹಿಡಿದಿರಬೇಕು, ಆಹಾರ ಹಾಕಿದ ಮಾರನೇ ದಿನ ಒಂದು ವಾರ ಸತತವಾಗಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು.

ಹಂತ 8: ಮೀನು ಬಿಡುವುದು

ಮೊದಲು ಐದಾರು ಚಿಕ್ಕ ಮೀನು, ಅಷ್ಟೇ. ಹೀಟರ್ ಇಲ್ಲದವರಿಗೆ ಜೀಬ್ರಾ ಡ್ಯಾನಿಯೊ ಒಳ್ಳೆಯದು, ನಮ್ಮ ಚಳಿ ತಡೆಯುತ್ತದೆ. ಗಡಸು ನೀರಿಗೆ ಗಂಡು ಗಪ್ಪಿ; ಹೆಣ್ಣೂ ತಂದರೆ ಕೆಲವೇ ತಿಂಗಳಲ್ಲಿ ಟ್ಯಾಂಕ್ ಮರಿಗಳಿಂದ ತುಂಬುತ್ತದೆ. ಗೋಲ್ಡ್ ಫಿಶ್ ಈ ಟ್ಯಾಂಕಿಗಲ್ಲ, ಗಿಡ ತಿಂದು, ಮರಳು ಕೆದಕಿ, ಎಲ್ಲ ಕೆಲಸ ಹಾಳು ಮಾಡುತ್ತದೆ.

ಮೀನು ತಂದ ಕವರನ್ನು 20 ನಿಮಿಷ ನೀರಿನ ಮೇಲೆ ತೇಲಿಬಿಡಿ. ನಂತರ ಐದು ನಿಮಿಷಕ್ಕೊಮ್ಮೆ ಅರ್ಧ ಲೋಟ ಟ್ಯಾಂಕಿನ ನೀರನ್ನು ಕವರಿಗೆ ಸೇರಿಸುತ್ತ ಅರ್ಧ ಗಂಟೆ ಕಳೆಯಿರಿ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಕವರಿನ ನೀರು ಚೆಲ್ಲಿ. ಮೊದಲ ಎರಡು ವಾರ ದಿನಕ್ಕೊಂದು ಸಲ, ಒಂದು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ. ಮತ್ತೆ ಮೀನು ತರುವುದು ಮೂರು ವಾರದ ನಂತರ.

ಸ್ಪಾಂಜನ್ನು ನಲ್ಲಿಯ ಕೆಳಗೆ ತೊಳೆಯಬೇಡಿ, ಕ್ಲೋರಿನ್ ತಗುಲಿ ಬ್ಯಾಕ್ಟೀರಿಯಾ ಸಾಯುತ್ತವೆ. ಟ್ಯಾಂಕಿನಿಂದ ತೆಗೆದ ನೀರಿನಲ್ಲೇ ತಿಂಗಳಿಗೊಮ್ಮೆ ಹಿಂಡಿ.

ಅಪಾಯದ ಗುರುತು, ಆಗ ಮಾಡಬೇಕಾದದ್ದು

ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ, ಕಿವಿರು ಕೆಂಪಾಗಿದ್ದರೆ ಬೇರೆ ಯೋಚನೆ ಮಾಡದೆ ಅರ್ಧ ನೀರು ಬದಲಿಸಿ, ಆಹಾರ ನಿಲ್ಲಿಸಿ, ಆಮೇಲೆ ಟೆಸ್ಟ್ ಮಾಡಿ. ಹೊಸ ನೀರು ಅದೇ ಬಿಸಿಯಲ್ಲಿರಲಿ.

ನೀರು ಹಸಿರಾದರೆ ಬೆಳಕು ಹೆಚ್ಚಾಗಿದೆ. ಮೂರು ದಿನ ದೀಪ ಆರಿಸಿ, ಟ್ಯಾಂಕಿಗೆ ದಪ್ಪ ಬಟ್ಟೆ ಹೊದಿಸಿ, ಗಾಳಿಗುಳ್ಳೆ ಮಾತ್ರ ನಡೆಯಲಿ, ಆಮೇಲೆ ಅರ್ಧ ನೀರು ತೆಗೆಯಿರಿ. ಮರಳಿನ ಮೇಲೆ ನೀಲಿ ಹಸಿರಿನ ಲೋಳೆ ಹಾಸು ಬಂದು ಕೆಟ್ಟ ವಾಸನೆಯಿದ್ದರೆ ಅದು ಪಾಚಿಯಲ್ಲ, ಒಂದು ಬಗೆಯ ಬ್ಯಾಕ್ಟೀರಿಯಾ. ಅದನ್ನು ಪೈಪಿನಿಂದ ಎಳೆದು ಹಾಕಿ, ನೀರಿನ ಚಲನೆ ಹೆಚ್ಚಿಸಿ.

ಗಿಡದ ಮಾತು ಎಲೆಯಲ್ಲಿರುತ್ತದೆ. ಹೊಸ ಎಲೆ ಬಿಳಚಿದರೆ ಕಬ್ಬಿಣದ ಕೊರತೆ, ಹಳೇ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದರೆ ಪೊಟ್ಯಾಶಿಯಂ, ಹಳೇ ಎಲೆ ಪೂರ್ತಿ ಹಳದಿಯಾದರೆ ಸಾರಜನಕ. ಅಕ್ವೇರಿಯಂ ಗಿಡಕ್ಕೆಂದೇ ಮಾಡಿದ ದ್ರವ ಗೊಬ್ಬರವನ್ನು, ಡಬ್ಬಿಯ ಮೇಲೆ ಬರೆದದ್ದರ ಅರ್ಧ ಪ್ರಮಾಣದಲ್ಲಿ ಶುರು ಮಾಡಿ. ಸೀಗಡಿ ಸಾಕುವವರು ಅದರಲ್ಲಿ ತಾಮ್ರ ಎಷ್ಟಿದೆಯೆಂದು ಓದಿಕೊಳ್ಳಿ.

ಮರಳಿನಿಂದ ದೊಡ್ಡ ಗುಳ್ಳೆ ಎದ್ದು ಕೆಟ್ಟ ಮೊಟ್ಟೆಯ ವಾಸನೆ ಬಂದರೆ ತೆಳ್ಳನೆಯ ಬಿದಿರುಕಡ್ಡಿಯಿಂದ ಒಂದು ದಿನಕ್ಕೆ ಒಂದು ಮೂಲೆಯಂತೆ ಮೆಲ್ಲಗೆ ಚುಚ್ಚಿ ಗಾಳಿ ಬಿಡಿ. ಒಂದೇ ಸಲ ಇಡೀ ನೆಲ ಕೆದಕಿದರೆ ಆ ವಿಷಗಾಳಿಯೆಲ್ಲ ನೀರಿಗೆ ಸೇರುತ್ತದೆ. ಬೇರು ಚೆನ್ನಾಗಿ ಹರಡಿದ ಮೇಲೆ ಈ ತೊಂದರೆ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ.

ಕತ್ತರಿಸಿ ಉಳಿದ ಗಿಡ, ಹೆಚ್ಚಾದ ಅಂತರಗಂಗೆ, ಬೇಡವಾದ ಬಸವನಹುಳು ಯಾವುದನ್ನೂ ಕೆರೆಗೆ, ಚರಂಡಿಗೆ, ಹೊಳೆಗೆ ಎಸೆಯಬೇಡಿ. ಒಂದು ತುಂಡು ಗಿಡ ಸಾಕು, ಕೆರೆಯ ಮೇಲೆಲ್ಲ ಹಬ್ಬಲು. ಬಿಸಿಲಿಗೆ ಹರಡಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಟ್ಯಾಂಕಿನಿಂದ ತೆಗೆದ ನೀರನ್ನು ಹೂವಿನ ಕುಂಡಗಳಿಗೆ ಹಾಕಬಹುದು, ಅದರಲ್ಲಿ ನೈಟ್ರೇಟ್ ಇರುತ್ತದೆ. ಮೀನಿಗೆ ಔಷಧಿ ಅಥವಾ ಉಪ್ಪು ಹಾಕಿದ ವಾರ ಮಾತ್ರ ಬೇಡ.